ಸೀಳುತುಟಿಯ ಮಕ್ಕಳೂ ಅವರ ಶಸ್ತ್ರವೈದ್ಯರೂ

ಮನುಷ್ಯನ ಅವಯವಗಳಲ್ಲಿ ಮುಖಕ್ಕಿರುವಷ್ಟು ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ಕಾಲು ಕುಂಟಾದ ಕೂಸನ್ನು ಕಂಡವರು ಅಯ್ಯೋ ಎಂದು ಮರುಗುವರು. ತುಟಿ ಸೀಳಿ ಹುಟ್ಟಿದ ಕೂಸನ್ನು ಕಂಡವರಾದರೋ ಮೊದಲು ಮುಖ ತಿರುಗಿಸಿ, ಆಮೇಲೆ ಅದರ ತಾಯಿಯ ಕಡೆಗೆ ನೋಡುವರು. ಇವಳು ಬಸುರಿಯಾಗಿದ್ದಾಗ ಏನು ಮಾಡಿದಳೋ ಎಂಬ ಪ್ರಶ್ನೆ ಆ ನೋಟದಲ್ಲಿ ಅಡಗಿರುವುದು. ಬಾಣಂತಿಯ ಕೋಣೆಯಲ್ಲಿಯೇ ಹುಟ್ಟುವ ಈ ಪ್ರಶ್ನೆಗೆ ಸರಿಯಾದ ಉತ್ತರವೇನು, ಇಂಥ ಕೂಸಿಗೆ ಮಾಡತಕ್ಕ ಉಪಚಾರವೇನು, ಹಣವಿಲ್ಲದವರಿಗೆ ಅದು ದೊರೆಯುವ ಬಗೆ ಹೇಗೆ ಎಂಬಿವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ಇಲ್ಲಿ ವಿವರಿಸಿ ಹೇಳಬೇಕೆಂದಿದ್ದೇವೆ.

ಮೇಲ್ದುಟಿಯು ಒಂದು ಕಡೆಯಲ್ಲಾಗಲಿ ಎರಡು ಕಡೆಯಲ್ಲಾಗಲಿ ಮೂಗಿನ ಹೊಳ್ಳೆಯವರೆಗೆ ಬಿರಿದಿರುವುದನ್ನು ಸೀಳುತುಟಿಯೆಂದು ಕರೆಯುವರು. ಬಾಯಿಯ ಒಳಗಿನ ಮೇಲ್ಭಾಗ, ಅಂದರೆ ಅಂಗಳು, ನಡುವೆ ಕೂಡದೆ ಬಾಯಿಗೂ ಮೂಗಿಗೂ ಒಂದೇ ದಾರಿಯಾಗಿರುವುದನ್ನು ಸೀಳಂಗಳು ಎನ್ನುವರು. ಕೆಲವು ಮಕ್ಕಳಿಗೆ ತುಟಿ ಮಾತ್ರ, ಕೆಲವರಿಗೆ ಅಂಗಳು ಮಾತ್ರ, ಅನೇಕರಿಗೆ ಎರಡೂ ಸೀಳಿರುವುವು. ಲೋಕದಲ್ಲೆಲ್ಲ ನೋಡಿದರೆ ಸುಮಾರು 700 ರಿಂದ 1000 ಜನನಗಳಲ್ಲಿ ಒಂದು ಕೂಸು ಹೀಗೆ ಹುಟ್ಟುವುದು. ಈ ಲೆಕ್ಕದಂತೆ ಭಾರತದಲ್ಲಿ ವರ್ಷವರ್ಷವೂ ಇಪ್ಪತ್ತು ಸಾವಿರಕ್ಕೆ ಮಿಕ್ಕು ಕೂಸುಗಳಿಗೆ ಈ ನ್ಯೂನತೆಯುಂಟು. ಹೀಗಿರುವಾಗ ಇದು ಯಾವುದೋ ಒಂದು ಮನೆಗೆ ತಟ್ಟಿದ ಶಾಪವೆಂದು ಹೇಳುವುದು ಹೇಗೆ ಸರಿಯಾದೀತು? ಸಿರುಗುಪ್ಪದ ಗದ್ದೆಯ ಬಯಲಿನಲ್ಲಿಯೂ ಕುರುಗೋಡಿನ ಬೆಟ್ಟದ ತಪ್ಪಲಿನಲ್ಲಿಯೂ ಬಳ್ಳಾರಿಯ ಕೋಟೆಯ ಕೆಳಗಣ ಬೀದಿಗಳಲ್ಲಿಯೂ, ಲಂಡನ್ನಿನಲ್ಲಿಯೂ, ಚೀನದ ಹಳ್ಳಿಗಳಲ್ಲಿಯೂ ಇಂಥ ಮಕ್ಕಳು ಹುಟ್ಟಿದ್ದಾರೆ, ಹುಟ್ಟುತ್ತಲಿದ್ದಾರೆ.

ನಮ್ಮ ಸೀಮೆಯಲ್ಲಿ ಕನ್ನಡದವರೂ ತೆಲುಗಿನವರೂ ನೆರೆಹೊರೆಯಲ್ಲಿ ಬಾಳುವುದರಿಂದ ಮಾತುಗಳಂತೆಯೇ ನಂಬಿಕೆಗಳೂ ಮನೆಯಿಂದ ಮನೆಗೆ ದಾಟುವುವು. ಸೀಳುತುಟಿಗೆ ತೆಲುಗಿನಲ್ಲಿ 'ಗ್ರಹಣಂ ಮೊರ್ರಿ' ಎಂದೇ ಹೆಸರು. ಗ್ರಹಣಕಾಲದಲ್ಲಿ ಬಸುರಿಯು ಹೊರಗೆ ಬಂದಳು, ಚಾಕು ಹಿಡಿದು ತರಕಾರಿ ಹೆಚ್ಚಿದಳು, ಅದರಿಂದ ಗರ್ಭದ ಕೂಸಿನ ತುಟಿ ಕೊಯ್ದುಹೋಯಿತು ಎಂಬ ನಂಬಿಕೆಯು ಆ ಹೆಸರಿನೊಳಗೇ ಕುಳಿತಿದೆ. ಈ ನಂಬಿಕೆಯನ್ನು ನಗೆಯಾಡಿ ತಳ್ಳಿಬಿಡುವುದಕ್ಕಿಂತ, ಗರ್ಭದಲ್ಲಿ ಮುಖವು ರೂಪುಗೊಳ್ಳುವ ಕ್ರಮವನ್ನು ತಿಳಿದು ಪರೀಕ್ಷಿಸುವುದು ಮೇಲು.

ಗರ್ಭ ನಿಂತ ನಾಲ್ಕನೆಯ ವಾರದಲ್ಲಿ ಕೂಸಿಗೆ ಮುಖವೆಂಬುದು ಇನ್ನೂ ಇರುವುದಿಲ್ಲ. ಬಾಯಿಯಾಗತಕ್ಕ ಒಂದು ಕುಳಿಯ ಸುತ್ತಲೂ ಐದು ಚಿಕ್ಕ ಉಬ್ಬುಗಳು ಮಾತ್ರ ಇರುವುವು. ಮೇಲಿನಿಂದ ಒಂದು ಉಬ್ಬು ಹಣೆಯನ್ನೂ ಮೂಗನ್ನೂ ತುಟಿಯ ನಡುಭಾಗವನ್ನೂ ಕೊಡುವುದು. ಎರಡು ಪಕ್ಕಗಳಿಂದ ಬರುವ ಉಬ್ಬುಗಳು ಕೆನ್ನೆಗಳನ್ನೂ ತುಟಿಯ ಪಕ್ಕದ ಭಾಗಗಳನ್ನೂ ಕೊಡುವುವು. ಕೆಳಗಣ ಎರಡು ಉಬ್ಬುಗಳಿಂದ ಕೆಳದವಡೆಯಾಗುವುದು. ಇವು ಬೆಳೆಯುತ್ತ ಒಂದನ್ನೊಂದು ಮುಟ್ಟಿ, ಮುಟ್ಟಿದ ಕಡೆಯಲ್ಲಿ ಬೆಸೆದುಕೊಳ್ಳಬೇಕು. ಏಳು ಎಂಟು ವಾರಗಳೊಳಗೆ ಮೇಲ್ದುಟಿಯು ಹೀಗೆ ಕೂಡಿ ಮುಗಿಯುವುದು. ಆಮೇಲೆ ಅಂಗಳಿನ ಸರದಿ. ಅದರ ಎರಡು ಹೋಳುಗಳು ಮೊದಲು ನಾಲಗೆಯ ಇಕ್ಕೆಲಗಳಲ್ಲಿ ಕೆಳಮುಖವಾಗಿ ಜೋತಿರುವುವು. ನಾಲಗೆಯು ಕೆಳಗೆ ಜಾರಿದೊಡನೆ ಬಾಗಿಲ ಎರಡು ಕದಗಳಂತೆ ಅಡ್ಡಲಾಗಿ ಏರಿ, ನಡುವೆ ಕೂಡಿಕೊಳ್ಳುವುವು. ಹನ್ನೆರಡನೆಯ ವಾರದ ಹೊತ್ತಿಗೆ ಈ ಕೆಲಸವೂ ಮುಗಿಯುವುದು. ಆದುದರಿಂದ ಸೀಳುತುಟಿಯನ್ನು ಯಾರೂ ಸೀಳಿದ್ದಲ್ಲ. ಕೂಡಬೇಕಾಗಿದ್ದುದು ಕೂಡದೆ ಉಳಿದದ್ದು, ಅಷ್ಟೆ.

ಇದನ್ನು ತಿಳಿದ ಮೇಲೆ ಗ್ರಹಣದ ಮಾತು ನಿಲ್ಲುವುದೇ ನೋಡೋಣ. ಐದನೆಯ ತಿಂಗಳಿನಲ್ಲಿಯೋ ಏಳನೆಯ ತಿಂಗಳಿನಲ್ಲಿಯೋ ಗ್ರಹಣ ಬಂದಿದ್ದರೆ, ಎರಡನೆಯ ತಿಂಗಳಿನಲ್ಲಿಯೇ ಕೂಡಿ ಮುಗಿದ ತುಟಿಯನ್ನು ಅದು ಮತ್ತೆ ಬಿಡಿಸಲಾರದು. ತುಟಿ ಕೂಡುವ ಆ ವಾರಗಳಲ್ಲಾದರೋ ಎಷ್ಟೋ ಹೆಂಗಸರಿಗೆ ತಾವು ಬಸುರಿಯರೆಂಬುದೇ ಚೆನ್ನಾಗಿ ಗೊತ್ತಾಗಿರುವುದಿಲ್ಲ. ಗ್ರಹಣಗಳು ವರ್ಷಕ್ಕೆ ಕೆಲವೇ. ಸೀಳುತುಟಿಯ ಮಕ್ಕಳು ಹುಟ್ಟುವುದು ವರ್ಷದ ಎಲ್ಲ ತಿಂಗಳುಗಳಲ್ಲಿ. ಗ್ರಹಣದ ದಿನ ಹೊಲದಲ್ಲಿ ಕಳೆ ಕಿತ್ತ ಸಾವಿರಾರು ಬಸುರಿಯರ ಮಕ್ಕಳು ಸರಿಯಾದ ತುಟಿಗಳಿಂದಲೇ ಹುಟ್ಟಿದ್ದಾರೆ.

ಹಾಗಾದರೆ ಕಾರಣವೇನು? ಒಂದೇ ಕಾರಣವೆಂದು ಬೆರಳಿಟ್ಟು ತೋರಿಸುವಂತಿಲ್ಲ. ವಂಶದಿಂದ ಬರುವ ಕೆಲವು ಗುಣಗಳೂ ಗರ್ಭಕಾಲದ ಕೆಲವು ಸಂಗತಿಗಳೂ ಕೂಡಿ ಇದಕ್ಕೆ ಎಡೆಗೊಡುವುವು. ತಂಬಾಕಿನ ಹೊಗೆ, ಮದ್ಯ, ಮೂರ್ಛೆರೋಗಕ್ಕೆ ಕೊಡುವ ಕೆಲವು ಔಷಧಗಳು, ತಾಯಿಯ ಆಹಾರದಲ್ಲಿ ಸೊಪ್ಪುಕಾಳುಗಳಿಂದ ದೊರೆಯುವ ಫೋಲಿಕ್ ಆಮ್ಲದ ಕೊರತೆ, ಇವೆಲ್ಲ ಅಪಾಯವನ್ನು ಹೆಚ್ಚಿಸಬಲ್ಲವು. ಮೂರ್ಛೆರೋಗದ ಔಷಧವನ್ನು ತಾನಾಗಿ ನಿಲ್ಲಿಸುವುದು ಬಸುರಿಗೆ ಇನ್ನೂ ಅಪಾಯಕರವಾದುದರಿಂದ, ವೈದ್ಯರ ಸಲಹೆಯನ್ನು ಮೊದಲೇ ಕೇಳಬೇಕು. ನಮ್ಮ ಕಡೆಯಲ್ಲಿ ಅಕ್ಕನ ಮಗಳನ್ನೂ ಸೋದರತ್ತೆಯ ಮಗಳನ್ನೂ ತಂದುಕೊಳ್ಳುವ ರೂಢಿ ಬಹಳ. ಇಂಥ ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಈ ನ್ಯೂನತೆಯು ಕೊಂಚ ಹೆಚ್ಚಾಗಿ ಕಾಣುವುದೆಂದು ಹಲವು ಪರಿಶೀಲನೆಗಳು ತಿಳಿಸಿವೆ. ಆದರೂ ಯಾವ ಕಾರಣವೂ ಕಾಣದೆ ಹುಟ್ಟುವ ಮಕ್ಕಳೇ ಹೆಚ್ಚು. ತಾಯಿತಂದೆಗಳಿಬ್ಬರಿಗೂ ಸೀಳಿಲ್ಲದೆ ಒಂದು ಕೂಸಿಗೆ ಇದ್ದರೆ, ಮುಂದಿನ ಕೂಸಿಗೆ ಅದು ಬರುವ ಸಂಭವವು ನೂರಕ್ಕೆ ಸುಮಾರು ನಾಲ್ಕು. ಎಂದರೆ ನೂರರಲ್ಲಿ ತೊಂಬತ್ತಾರು ಸಲ ಬಾರದು. ಇದನ್ನು ಅರಿಯದೆ ಸೊಸೆಯನ್ನು ತವರಿಗೆ ಅಟ್ಟುವವರಿಗೂ, ಮಗನಿಗೆ ಎರಡನೆಯ ಸಂಬಂಧ ಹುಡುಕುವವರಿಗೂ ಈ ಲೆಕ್ಕವನ್ನು ಯಾರಾದರೂ ಹೇಳಬೇಕು.

ಕೂಸು ಹುಟ್ಟಿದ ದಿನವೇ ಏಳುವ ತೊಂದರೆ ಹಾಲಿನದು. ಮೊಲೆಯುಣ್ಣುವಾಗ ಕೂಸು ಬಾಯಿಯನ್ನು ಸುತ್ತಲೂ ಮುಚ್ಚಿ, ಒಳಗಿನ ಗಾಳಿಯನ್ನು ಸೆಳೆದು ಹಾಲನ್ನು ಎಳೆಯಬೇಕು. ತುಟಿ ಮಾತ್ರ ಸೀಳಿದ ಕೂಸು ಹೇಗೋ ಮೊಲೆಯುಣ್ಣಬಹುದು. ಅಂಗಳು ಸೀಳಿದ ಕೂಸು ಎಷ್ಟು ಎಳೆದರೂ ಗಾಳಿಯು ಮೂಗಿನಿಂದ ಒಳನುಗ್ಗುವುದು. ಹಾಲು ಬಾರದು, ಬಂದದ್ದು ಮೂಗಿನಲ್ಲಿ ಸುರಿಯುವುದು. ಕೂಸು ದಣಿದು ನಿದ್ರಿಸುವುದನ್ನು ಕಂಡು ಹೊಟ್ಟೆ ತುಂಬಿತೆಂದು ತಿಳಿಯುವರು. ಹೀಗೆ ದಿನದಿನಕ್ಕೆ ಬಡವಾಗಿ ಕೆಲವು ಮಕ್ಕಳು ಶಸ್ತ್ರವೈದ್ಯನನ್ನು ಕಾಣುವ ಮೊದಲೇ ತೀರಿಕೊಳ್ಳುವರು. ಇದಕ್ಕೆ ಬೇಕಾದ ಸಾಧನವು ನಮ್ಮ ಅಜ್ಜಿಯರ ಬಳಿ ಇತ್ತು: ಅದೇ ಒಳಲೆ. ತಾಯಿಯ ಹಾಲನ್ನು ಶುಚಿಯಾದ ಬಟ್ಟಲಿಗೆ ಹಿಂಡಿ ತೆಗೆದು, ಕೂಸಿನ ತಲೆಯನ್ನು ಎತ್ತರದಲ್ಲಿರಿಸಿ, ಕುದಿಸಿ ತೊಳೆದ ಒಳಲೆಯಿಂದಾಗಲಿ ಚಮಚದಿಂದಾಗಲಿ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ನಡುನಡುವೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗು ತೆಗೆಸಬೇಕು. ಮಲಗಿಸಿ ಕುಡಿಸಲೇಬಾರದು. ವಾರಕ್ಕೊಮ್ಮೆ ಅಂಗನವಾಡಿಯಲ್ಲಿ ತೂಕ ನೋಡಿಸಬೇಕು. ಏಕೆಂದರೆ ಮುಂದಿನ ಚಿಕಿತ್ಸೆಯೆಲ್ಲ ಈ ತೂಕವನ್ನೇ ನೆಚ್ಚಿಕೊಂಡಿದೆ.

ಶಸ್ತ್ರವೈದ್ಯರಲ್ಲಿ ಹತ್ತುಗಳ ನಿಯಮವೆಂಬುದೊಂದು ಹಳೆಯ ಲೆಕ್ಕವುಂಟು. ಕೂಸಿಗೆ ಹತ್ತು ವಾರ ತುಂಬಿರಬೇಕು, ತೂಕ ಹತ್ತು ಪೌಂಡು, ಎಂದರೆ ಸುಮಾರು ನಾಲ್ಕೂವರೆ ಕಿಲೋ ಆಗಿರಬೇಕು, ರಕ್ತದಲ್ಲಿ ಹಿಮೊಗ್ಲೋಬಿನ್ ಹತ್ತು ಗ್ರಾಂ ಇರಬೇಕು. ಆಗ ಅರಿವಳಿಕೆಯನ್ನು ತಾಳಿಕೊಳ್ಳುವ ಶಕ್ತಿ ಕೂಸಿಗೆ ಬಂದಿದೆಯೆಂದು ಅರ್ಥ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ತುಟಿಯನ್ನೂ, ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಅಂಗಳನ್ನೂ ಸರಿಪಡಿಸುವರು.

ಈ ವಿದ್ಯೆಯ ಚರಿತ್ರೆಯು ಬಹು ಹಳೆಯದು. ಸುಶ್ರುತಸಂಹಿತೆಯಲ್ಲಿ ಕೆನ್ನೆಯ ಚರ್ಮವನ್ನು ತೆಗೆದು ಮೂಗನ್ನು ಕಟ್ಟುವ ವಿಧಿಯನ್ನು ಹೇಳಿ, ತುಟಿಯನ್ನು ಕೂಡಿಸುವುದೂ ಅದೇ ರೀತಿ, ಆದರೆ ನಳಿಗೆಗಳು ಬೇಡ, ಎಂದು ಸೂಚಿಸಲಾಗಿದೆ. ಚೀನದಲ್ಲಿ ಕ್ರಿ. ಶ. 390ರ ಸುಮಾರಿಗೆ ವೇಯ್ ಯಾಂಗ್‌ಚಿ ಎಂಬ ಬಡ ಯುವಕನೊಬ್ಬನ ಸೀಳುತುಟಿಯನ್ನು ವೈದ್ಯನು ಕೊಯ್ದು ಹೊಲಿದು, ನೂರು ದಿನ ಗಂಜಿ ಕುಡಿದುಕೊಂಡು ಮಾತನಾಡದೆ ನಗದೆ ಇರಬೇಕೆಂದು ಕಟ್ಟು ಮಾಡಿದನೆಂದೂ, ಆ ಯುವಕನು ಮುಂದೆ ಪ್ರಾಂತಾಧಿಕಾರಿಯಾದನೆಂದೂ ಅಲ್ಲಿನ ಚರಿತ್ರೆಗಳು ಹೇಳುವುವು. ನಮ್ಮ ನಾಡಿನ ಯುದ್ಧವೊಂದೂ ಈ ಚರಿತ್ರೆಯಲ್ಲಿ ಸೇರಿಕೊಂಡಿದೆ. ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು 1792ರ ಯುದ್ಧದಲ್ಲಿ ಟೀಪು ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ಪುಣೆಯ ಹತ್ತಿರ ದೇಶೀಯ ವೈದ್ಯನೊಬ್ಬನು ಅವನ ಹಣೆಯ ಚರ್ಮವನ್ನಿಳಿಸಿ ಹೊಸ ಮೂಗು ಮಾಡಿಕೊಟ್ಟನು. ಈ ಸಂಗತಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಹಿತವಾಗಿ ಅಚ್ಚಾಯಿತು. ಅದನ್ನೋದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಅದೇ ಕ್ರಮದಿಂದ ಲಂಡನ್ನಿನಲ್ಲಿ ಮೂಗು ಕಟ್ಟಿ, 1816ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಯೂರೋಪಿನಲ್ಲಿ ಮುಖದ ಪುನಾರಚನೆಯ ವಿದ್ಯೆ ಮತ್ತೆ ಚಿಗುರಿದ್ದು ಹೀಗೆ.

ಅಂಗಳಿನ ಚಿಕಿತ್ಸೆಯ ಚರಿತ್ರೆಯಲ್ಲಿ ನಮ್ಮ ವಿದ್ಯಾರ್ಥಿನಿಯರು ನೆನಪಿಡತಕ್ಕ ಹೆಸರು ಜಾನ್ ಸ್ಟೀಫನ್‌ಸನ್. ಕೆನಡಾದ ಮಾಂಟ್ರಿಯಲ್ ಪಟ್ಟಣದ ಈ ಯುವಕನು ಸೀಳಂಗಳಿನಿಂದಲೇ ಹುಟ್ಟಿ, ಆ ಒಡಕು ಧ್ವನಿಯಿಂದಲೇ ವೈದ್ಯವಿದ್ಯೆಯನ್ನು ಕಲಿಯುತ್ತಿದ್ದನು. 1819ರಲ್ಲಿ ಪ್ಯಾರಿಸ್ಸಿನಲ್ಲಿ ಫಿಲಿಬೇರ್ ರೂ ಎಂಬ ಶಸ್ತ್ರವೈದ್ಯನು ಅವನ ಅಂಗಳನ್ನು ಹೊಲಿದನು. ಆಗ ಅರಿವಳಿಕೆಯ ಔಷಧವೇ ಇರಲಿಲ್ಲ. ರೋಗಿಯು ಎಚ್ಚತ್ತು ಕುಳಿತು, ಬಾಯ್ದೆರೆದು, ಸೂಜಿಯ ಪ್ರತಿಯೊಂದು ಚುಚ್ಚನ್ನೂ ತಾಳಿಕೊಳ್ಳಬೇಕಾಗಿತ್ತು. ಮರುವರ್ಷ ಸ್ಟೀಫನ್‌ಸನ್ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ತನ್ನ ಮೇಲೆಯೇ ನಡೆದ ಆ ಚಿಕಿತ್ಸೆಯನ್ನು ಕುರಿತು ಪ್ರಬಂಧ ಬರೆದು ವೈದ್ಯಪದವಿ ಪಡೆದನು; ಮುಂದೆ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ವೈದ್ಯಶಾಲೆಯ ಸ್ಥಾಪಕರಲ್ಲಿ ಒಬ್ಬನಾದನು. ಸೀಳಿನೊಂದಿಗೆ ಹುಟ್ಟಿದ ಕೂಸು ಬುದ್ಧಿಯಲ್ಲಿಯೂ ಕೊರತೆಯುಳ್ಳದ್ದೆಂದು ತಿಳಿಯುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಇನ್ನು ತುಟಿಯನ್ನು ಕೂಡಿಸುವ ಕುಶಲತೆಯನ್ನು ಹೊಲಿಗೆ ಬಲ್ಲ ನಮ್ಮ ಹಳೆಯ ವಿದ್ಯಾರ್ಥಿನಿಯರು ಬೇಗನೆ ಗ್ರಹಿಸಬಲ್ಲರು. ಎರಡು ಅಂಚುಗಳನ್ನು ಎಳೆದು ನೇರವಾಗಿ ಹೊಲಿದುಬಿಟ್ಟರೆ ತುಟಿ ಕೂಡುವುದೇನೋ ನಿಜ. ಆದರೆ ಗಾಯ ಮಾಯುವಾಗ ಕಲೆಯು ಸುಕ್ಕಿಕೊಂಡು, ಕೂಡಿದ ಕಡೆಯಲ್ಲಿ ತುಟಿಯು ಮೇಲಕ್ಕೆ ಸೆಳೆದು ಗಿಡ್ಡವಾಗುವುದು. ಸೀಳಿನ ಅಂಚು ಸಹಜವಾದ ತುಟಿಯ ಉದ್ದಕ್ಕಿಂತ ಮೊದಲೇ ಗಿಡ್ಡವಾಗಿರುವುದೇ ಇದರ ಮೂಲ. ಅಮೇರಿಕದ ರಾಲ್ಫ್ ಮಿಲಾರ್ಡ್ ಎಂಬ ಶಸ್ತ್ರವೈದ್ಯನು ಕೊರಿಯಾ ದೇಶದಲ್ಲಿ ಸೇನೆಯ ಸೇವೆಯಲ್ಲಿದ್ದಾಗ ಈ ತೊಡಕಿಗೆ ಒಂದು ಉಪಾಯವನ್ನು ಕಂಡುಹಿಡಿದು, 1955ರಲ್ಲಿ ಸ್ಟಾಕ್‌ಹೋಮಿನಲ್ಲಿ ಕೂಡಿದ ಶಸ್ತ್ರವೈದ್ಯರ ಸಭೆಯಲ್ಲಿ ವಿವರಿಸಿದನು. ಮೂಗಿನ ಬುಡದಲ್ಲಿ ಬಾಗಿದ ಒಂದು ಕೊಯ್ತವನ್ನು ಮಾಡಿ, ತುಟಿಯ ಒಳಪಕ್ಕವನ್ನು ಕೆಳಕ್ಕೆ ತಿರುಗಿಸಿ ಇಳಿಸುವುದು. ಇಳಿದುದರಿಂದ ತೆರವಾದ ಎಡೆಗೆ ಹೊರಪಕ್ಕದ ಚರ್ಮವನ್ನು ಮುಂದಕ್ಕೆ ತಂದು ತುಂಬುವುದು. ಹೀಗೆ ಮಾಡಿದರೆ ಹೊಲಿಗೆಯ ಗೆರೆಯು ಮೂಗಿನ ಕೆಳಗಿನ ಸಹಜವಾದ ಏಣಿನಲ್ಲಿ ಅಡಗಿಕೊಳ್ಳುವುದು. ಇಂದಿಗೂ ಲೋಕದ ಬಹುಭಾಗದಲ್ಲಿ ಶಸ್ತ್ರವೈದ್ಯರು ಈ ಕ್ರಮವನ್ನೋ ಇದರಿಂದ ಹುಟ್ಟಿದ ಕ್ರಮಗಳನ್ನೋ ಅನುಸರಿಸುವರು. ಕೂಸು ಅರಿವಳಿಕೆಯಲ್ಲಿ ನಿದ್ರಿಸುತ್ತಿರುವಾಗಲೇ ಎಲ್ಲ ಮುಗಿಯುವುದು. ಕೆಲವು ದಿನಗಳಲ್ಲಿ ಮನೆಗೆ ಹೋಗಬಹುದು. ವೇಯ್ ಯಾಂಗ್‌ಚಿಯ ನೂರು ದಿನದ ಮೌನ ಈಗ ಬೇಕಾಗಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕಣ್ಣಿಗೆ ಕಾಣುವ ಭಾಗ. ಈ ಲೇಖನವನ್ನು ಹುಡುಗಿಯರ ಶಾಲೆಯ ಸಂಚಿಕೆಯಲ್ಲಿ ಬರೆಯಲು ನಮ್ಮನ್ನು ಪ್ರೇರಿಸಿದ್ದು ಕಾಣದ ಭಾಗ.

ತುಟಿಯ ಸೀಳು ಗಂಡುಮಕ್ಕಳಲ್ಲಿ ಹೆಚ್ಚು. ತುಟಿ ಸರಿಯಾಗಿದ್ದು ಅಂಗಳು ಮಾತ್ರ ಸೀಳಿರುವುದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಆದುದರಿಂದ ಯಾರೂ ಬಾಯ್ದೆರೆದು ನೋಡದೆ ಉಳಿಯುವ ಸೀಳು ಹೆಣ್ಣುಮಕ್ಕಳ ಪಾಲಿಗೇ ಅಧಿಕವಾಗಿ ಬಂದಿದೆ. ಇನ್ನು ಎರಡೂ ಸೀಳಿರುವ ಹುಡುಗಿಯ ಸಂಗತಿ. ಮದುವೆಯ ಚಿಂತೆಯಿಂದ ತಾಯಿತಂದೆಗಳು ಹೇಗೋ ಓಡಾಡಿ ಅವಳ ತುಟಿಯನ್ನು ಹೊಲಿಸುವರು. ಮುಖ ನೆಟ್ಟಗಾಯಿತು, ಸಾಕು, ಎಂದು ಅಲ್ಲಿಗೇ ನಿಲ್ಲಿಸುವರು. ಅಂಗಳು ಹಾಗೆಯೇ ಉಳಿಯುವುದು. ಹುಡುಗಿ ನೋಡಲು ಲಕ್ಷಣವಾಗಿಯೇ ಬೆಳೆಯುವಳು. ಬಾಯಿ ತೆರೆದರೆ ಯಾರಿಗೂ ತಿಳಿಯದು.

ಮಾತು ಏಕೆ ಕೆಡುವುದೆಂಬುದನ್ನು ನಮ್ಮ ವರ್ಣಮಾಲೆಯೇ ಚೆನ್ನಾಗಿ ತಿಳಿಸುವುದು. ಪ, ಫ, ಬ, ಭ, ಮ ಎಂಬ ಐದಕ್ಷರಗಳನ್ನು ನೋಡಿರಿ. ಮೊದಲಿನ ನಾಲ್ಕನ್ನು ಹೇಳುವಾಗ ಮೆತ್ತನೆಯ ಹಿಂದಂಗಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುವುದು. ಉಸಿರು ಬಾಯಿಯಲ್ಲಿ ತುಂಬಿ, ತುಟಿ ತೆರೆದೊಡನೆ ಹೊರಹಾರುವುದು. ಐದನೆಯದಾದ ಮಕಾರವನ್ನು ಹೇಳುವಾಗ ಮಾತ್ರ ಆ ದಾರಿ ತೆರೆದಿದ್ದು ಧ್ವನಿಯು ಮೂಗಿನಿಂದ ಬರುವುದು. ಅದರಿಂದಲೇ ನಮ್ಮ ವ್ಯಾಕರಣದವರು ಅದನ್ನು ಅನುನಾಸಿಕವೆಂದರು. ಅಂಗಳು ಸೀಳಿದ್ದರೆ ಮೂಗಿನ ದಾರಿ ಎಂದೂ ಮುಚ್ಚದು. ಪ, ಬಗಳೆಲ್ಲ ಮಕಾರದ ಕಡೆಗೆ ಜಾರುವುವು. ತ, ದಗಳು ನಕಾರದ ಕಡೆಗೆ ಜಾರುವುವು. ಕೂಸು 'ಅಪ್ಪ' ಎಂದು ಕೂಗಿದರೂ ಮನೆಯವರಿಗೆ 'ಅಮ್ಮ' ಎಂದು ಕೇಳುವುದು. ತಾನು ಹೇಳಿದ್ದು ಯಾರಿಗೂ ತಿಳಿಯದೆಂದು ಕಂಡ ಕೂಸು ತಾನಾಗಿ ಒಂದು ಅಡ್ಡದಾರಿ ಹುಡುಕುವುದು: ಬಾಯಿಯಲ್ಲಿ ತಡೆಯಲಾಗದ ಉಸಿರನ್ನು ಗಂಟಲಿನಲ್ಲಿ ತಡೆದು ಬಿಡುವುದು. ಈ ಅಭ್ಯಾಸ ಬೇರೂರಿದ ಮೇಲೆ ಅಂಗಳನ್ನು ಹೊಲಿದರೂ ಮಾತು ತಾನಾಗಿ ತಿದ್ದಿಕೊಳ್ಳದು. ಮಾತಿನ ಶಿಕ್ಷಕರ ಬಳಿ ಅಕ್ಷರ ಅಕ್ಷರವಾಗಿ ಕಲಿಯಬೇಕಾಗುವುದು. ಅಂಗಳಿನ ಚಿಕಿತ್ಸೆಯನ್ನು ಕೂಸು ಮಾತು ಕಲಿಯುವ ಮೊದಲೇ ಮಾಡಿಸಬೇಕೆನ್ನುವುದು ಇದಕ್ಕಾಗಿಯೇ. ಚಿಕಿತ್ಸೆಯಲ್ಲಿ ರಂಧ್ರವನ್ನು ಮುಚ್ಚಿದರೆ ಸಾಲದು. ದಿಕ್ಕುತಪ್ಪಿ ಅಂಟಿಕೊಂಡಿರುವ ಸ್ನಾಯುಗಳನ್ನು ಬಿಡಿಸಿ ನಡುವೆ ಒಂದಕ್ಕೊಂದು ಕೂಡಿಸಿದರೆ ಮಾತ್ರ ಹಿಂದಂಗಳು ಮೇಲೇಳಲು ಕಲಿಯುವುದು. ಇದೇ ಸ್ನಾಯುಗಳು ಕಿವಿಯ ಒಳನಾಳವನ್ನು ತೆರೆಯುವುದರಿಂದ, ಸೀಳಂಗಳಿನ ಮಕ್ಕಳಿಗೆ ಕಿವಿಯಲ್ಲಿ ನೀರು ನಿಂತು ಕಿವಿ ಮಂದವಾಗುವುದೂ ಉಂಟು. ಸರಿಯಾಗಿ ಕೇಳದ ಮಗು ಸರಿಯಾಗಿ ನುಡಿಯಲಾರದಷ್ಟೆ.

ಇಂಥ ಹುಡುಗಿ ಶಾಲೆಗೆ ಬಂದಾಗ ಆಗುವುದೇನು? ಉಪಾಧ್ಯಾಯಿನಿಯು ಪ್ರಶ್ನೆ ಕೇಳುವಳು. ಉತ್ತರ ಗೊತ್ತಿದ್ದರೂ ಹುಡುಗಿ ಏಳಳು. ಒಮ್ಮೆ ಎದ್ದು ಹೇಳಿದಾಗ ತರಗತಿಯೆಲ್ಲ ನಕ್ಕುದನ್ನು ಅವಳು ಮರೆತಿರುವುದಿಲ್ಲ. ಕೆಲವು ತಿಂಗಳಲ್ಲಿ ಅವಳಿಗೆ ಮಂದಬುದ್ಧಿಯೆಂಬ ಹೆಸರು ಬರುವುದು. ಆಮೇಲೆ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಲೆಂದೋ ಹತ್ತಿ ಬಿಡಿಸಲೆಂದೋ ಶಾಲೆ ಬಿಡಿಸುವರು. ಹೀಗೆ ಎರಡು ಅಂಗುಲದ ಒಂದು ಸೀಳು ಒಂದು ಜೀವಮಾನದ ವಿದ್ಯೆಯನ್ನು ನುಂಗಿಬಿಡುವುದು. ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಒಂದು ಸುಲಭವಾದ ಪರೀಕ್ಷೆಯನ್ನು ನೆನಪಿಡಬೇಕು. ಮೂಗಿನ ಕೆಳಗೆ ಚಿಕ್ಕ ಕನ್ನಡಿ ಹಿಡಿದು, ಅನುನಾಸಿಕಗಳಿಲ್ಲದ ಮಾತನ್ನು, 'ಅಪ್ಪ ಪೇಟೆಗೆ ಹೋದ' ಎಂಬಂಥದನ್ನು, ಮಗುವಿನಿಂದ ಹೇಳಿಸಬೇಕು. ಮಾತಿನ ನಡುವೆ ಕನ್ನಡಿಗೆ ಹಬೆ ಕಟ್ಟಿದರೆ ಉಸಿರು ಮೂಗಿನಿಂದ ಸೋರುತ್ತಿದೆಯೆಂದು ಅರ್ಥ. ಅಂಥ ಮಗುವನ್ನು ವೈದ್ಯರಿಗೆ ತೋರಿಸಬೇಕು. ಆದರೆ ಈ ಪರೀಕ್ಷೆಯನ್ನು ತರಗತಿಯ ಮುಂದೆ ಎಂದಿಗೂ ಮಾಡಬಾರದು.

ಹೀಗೆ ನೋಡಿದರೆ ಸೀಳಿನ ಮಗುವಿಗೆ ಒಂದು ದಿನದ ವೈದ್ಯ ಸಾಲದು. ಹತ್ತು ಹದಿನೈದು ವರ್ಷ ಜೊತೆಯಲ್ಲಿ ನಡೆಯುವ ವೈದ್ಯ ಬೇಕು. ಎಂಟರಿಂದ ಹನ್ನೊಂದು ವರ್ಷದೊಳಗೆ ವಸಡಿನ ಸೀಳಿಗೆ ಸೊಂಟದ ಎಲುಬಿನಿಂದ ತೆಗೆದ ಚೂರನ್ನು ತುಂಬಬೇಕಾಗಬಹುದು. ಹಲ್ಲುಗಳ ಸಾಲನ್ನು ತಿದ್ದಬೇಕಾಗಬಹುದು. ಬೆಳೆದ ಮೇಲೆ ಮೂಗನ್ನು ನೇರ್ಪಡಿಸಬೇಕಾಗಬಹುದು. ಧರ್ಮಾರ್ಥವಾಗಿ ಈ ಕೆಲಸ ಮಾಡುವ ಶಸ್ತ್ರವೈದ್ಯರ ಹಿರಿಮೆಯನ್ನು ಈ ದೃಷ್ಟಿಯಿಂದಲೇ ಅಳೆಯಬೇಕು. ನೆರೆಯ ಕೇರಳದ ಒಬ್ಬರನ್ನು ಇಲ್ಲಿ ಸ್ಮರಿಸುವೆವು. 1930ರಲ್ಲಿ ಹುಟ್ಟಿದ ಡಾಕ್ಟರ್ ಹಿರ್ಜಿ ಸೊರಾಬ್ ಅಡೆನ್‌ವಾಲಾ ಎಂಬ ಪಾರ್ಸಿ ಶಸ್ತ್ರವೈದ್ಯರು ಮುಂಬಯಿಯಲ್ಲಿ ಚಾರ್ಲ್ಸ್ ಪಿಂಟೋ ಎಂಬ ಗುರುಗಳ ಬಳಿ ಈ ವಿದ್ಯೆಯನ್ನು ಕಲಿತು, 1950ರ ದಶಕದ ಕೊನೆಯ ಹೊತ್ತಿಗೆ ತ್ರಿಶ್ಶೂರಿನ ಜ್ಯೂಬಿಲಿ ಮಿಷನ್ ಆಸ್ಪತ್ರೆಗೆ ಬಂದರು. ಮುಂಬಯಿಯಲ್ಲಿ ದೊರೆಯಬಹುದಾಗಿದ್ದ ಸಂಪಾದನೆಯನ್ನು ಬಿಟ್ಟು, ಹಲವು ದಶಕಗಳ ಕಾಲ ಅದೇ ಊರಿನಲ್ಲಿ ಉಳಿದು ಸಾವಿರಾರು ಮಕ್ಕಳ ಸೀಳುಗಳನ್ನು ಸರಿಪಡಿಸಿದರು. ತಾವು ಕಟ್ಟಿದ ಸೀಳುಚಿಕಿತ್ಸೆಯ ಕೇಂದ್ರಕ್ಕೆ ತಮ್ಮ ಹೆಸರಿಡದೆ ಗುರುವಿನ ಹೆಸರನ್ನಿಟ್ಟರು. ಒಂದೇ ಊರಿನಲ್ಲಿ ಅಷ್ಟು ಕಾಲ ನಿಂತುದರಿಂದ, ತುಟಿಯನ್ನು ಹೊಲಿದ ಕೂಸು ದೊಡ್ಡದಾಗಿ ಮಾತನಾಡುವುದನ್ನು ತಾವೇ ಕೇಳುವ ಭಾಗ್ಯ ಅವರಿಗೆ ದೊರೆಯಿತು.

ಧರ್ಮಸಂಸ್ಥೆಗಳ ರೀತಿಯೂ ಕಾಲಕ್ರಮದಲ್ಲಿ ಬದಲಾಗಿದೆ. 1982ರಲ್ಲಿ ಅಮೇರಿಕದಲ್ಲಿ ಆರಂಭವಾದ ಆಪರೇಶನ್ ಸ್ಮೈಲ್ ಎಂಬ ಸಂಸ್ಥೆಯು ವೈದ್ಯರ ತಂಡಗಳನ್ನು ದೇಶದೇಶಗಳಿಗೆ ಕಳುಹಿಸಿ ಶಿಬಿರಗಳನ್ನು ನಡೆಸುವ ಮಾರ್ಗವನ್ನು ಹಿಡಿಯಿತು. 1999ರಲ್ಲಿ ಸ್ಥಾಪಿತವಾದ ಸ್ಮೈಲ್ ಟ್ರೇನ್ ಎಂಬ ಸಂಸ್ಥೆಯು ಆಯಾ ದೇಶದ ವೈದ್ಯರಿಗೇ ತರಬೇತಿಯನ್ನೂ ಧನಸಹಾಯವನ್ನೂ ಕೊಟ್ಟು, ಅವರಿಂದಲೇ ವರ್ಷವೆಲ್ಲ ಉಚಿತವಾಗಿ ಚಿಕಿತ್ಸೆ ಮಾಡಿಸುವ ಮಾರ್ಗವನ್ನು ಹಿಡಿಯಿತು. ಶಿಬಿರದ ವೈದ್ಯನು ವಾರದಲ್ಲಿ ಹೊರಟುಹೋಗುವನು. ಅಂಗಳೂ ಮಾತೂ ಹಲ್ಲೂ ವರ್ಷಗಟ್ಟಲೆ ಕಾಯುವುವು. ಆದುದರಿಂದ ಎರಡನೆಯ ಮಾರ್ಗವೇ ನಮ್ಮಂಥ ಜಿಲ್ಲೆಗಳಿಗೆ ಒಗ್ಗುವುದೆಂದು ನಮ್ಮ ಅಭಿಪ್ರಾಯ. ವಾರಾಣಸಿಯ ಡಾಕ್ಟರ್ ಸುಬೋಧ್ ಕುಮಾರ್ ಸಿಂಗ್ ಅವರು ಹೀಗೆ ಚಿಕಿತ್ಸೆ ಮಾಡಿದ ಮಿರ್ಜಾಪುರ ಜಿಲ್ಲೆಯ ಬಡ ಹುಡುಗಿಯೊಬ್ಬಳ ಕಥೆಯನ್ನು ಹೇಳುವ 'ಸ್ಮೈಲ್ ಪಿಂಕಿ' ಎಂಬ ಚಿತ್ರಕ್ಕೆ 2009ರಲ್ಲಿ ಆಸ್ಕರ್ ಪ್ರಶಸ್ತಿ ದೊರೆತುದು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ಆ ಚಿತ್ರದಲ್ಲಿ ಮನಸ್ಸಿಗೆ ನಾಟುವುದು ಶಸ್ತ್ರವೈದ್ಯನ ಕೈಚಳಕದಷ್ಟೇ, ಹಳ್ಳಿಹಳ್ಳಿ ತಿರುಗಿ 'ಇದಕ್ಕೆ ಮದ್ದುಂಟು, ಹಣ ಬೇಡ' ಎಂದು ಹೇಳುವವನ ಕಾಲ್ನಡಿಗೆಯೂ ಹೌದು.

ಕರ್ನಾಟಕದಲ್ಲಿ ಧಾರವಾಡದ ಎಸ್. ಡಿ. ಎಂ. ದಂತವೈದ್ಯ ಕಾಲೇಜು, ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆ, ಮಂಗಳೂರಿನ ಬಳಿಯ ದೇರಳಕಟ್ಟೆಯ ನಿಟ್ಟೆ ಸಂಸ್ಥೆ ಮುಂತಾದವು ಈ ಚಿಕಿತ್ಸೆಗೆ ಹೆಸರಾಗಿವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ತಿದ್ದುವ ಶಿಕ್ಷಣ ದೊರೆಯುವುದು. ಇವೆಲ್ಲ ನಮಗೆ ದೂರ. ಆದರೆ ಮೊದಲ ಹೆಜ್ಜೆ ಊರಿನಲ್ಲಿಯೇ ಇಡಬಹುದು. 2013ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗಾಗಿ ಗುರುತಿಸಿದ ಮೂವತ್ತು ತೊಂದರೆಗಳಲ್ಲಿ ಸೀಳುತುಟಿ ಸೀಳಂಗಳುಗಳೂ ಸೇರಿವೆ. ಅದರ ತಂಡಗಳು ಅಂಗನವಾಡಿಗಳಿಗೂ ಸರಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುವುವು. ಚಿಕಿತ್ಸೆಗೆ ಹಣ ಕೊಡಬೇಕಾಗಿಲ್ಲ. ಸಿರುಗುಪ್ಪದವರಾಗಲಿ ಕುರುಗೋಡಿನವರಾಗಲಿ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿಯೋ ಬಳ್ಳಾರಿಯ ಜಿಲ್ಲಾ ಕೇಂದ್ರದಲ್ಲಿಯೋ ವಿಚಾರಿಸಬಹುದು. ಬಳ್ಳಾರಿಗೆ ಕುರುಗೋಡು ಮೂವತ್ತು ಕಿಲೋಮೀಟರಿನೊಳಗೆ, ಸಿರುಗುಪ್ಪ ಅರುವತ್ತು ಕಿಲೋಮೀಟರಿನೊಳಗೆ ಇದೆ. 1961ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜಾಗಿ ಆರಂಭವಾಗಿ ಮುಂದೆ ಕೆಲವು ಕಾಲ ವಿಜಯನಗರದ ಹೆಸರನ್ನು ಹೊತ್ತಿದ್ದ ದೊಡ್ಡ ಆಸ್ಪತ್ರೆಯೂ ಬಳ್ಳಾರಿಯಲ್ಲಿಯೇ ಇದೆ.

ಚಿಕಿತ್ಸೆಯು ಉಚಿತವೆಂದ ಮಾತ್ರಕ್ಕೆ ಬಡವರಿಗೆ ಖರ್ಚಿಲ್ಲವೆಂದು ತಿಳಿಯಬಾರದು. ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಹಾಕುವ ತಾಯಿ ಕೂಸಿನೊಡನೆ ವಾರ ಆಸ್ಪತ್ರೆಯಲ್ಲಿದ್ದರೆ ವಾರದ ಕೂಲಿ ಹೋಯಿತು; ಮನೆಯಲ್ಲಿ ಉಳಿದ ಮಕ್ಕಳಿಗೆ ಅನ್ನ ಮಾಡುವವರಿಲ್ಲ; ಬಸ್ಸಿನ ಹಣ ಬೇರೆ. ತುಟಿ ಹೊಲಿಸಿಕೊಂಡು ಹೋದವರು ಅಂಗಳಿಗಾಗಿ ಮರಳಿ ಬಾರದಿರುವುದಕ್ಕೆ ಅಜ್ಞಾನದಷ್ಟೇ ಇದೂ ಕಾರಣ. ಇಲ್ಲಿಯೇ ನಮ್ಮ ವಾಚಕರ ಕೈ ಸಾಗಬೇಕು. ಶಸ್ತ್ರವೈದ್ಯರಾಗುವ ಯೋಗ ಎಲ್ಲರಿಗೂ ಇಲ್ಲ. ಆದರೆ ಬಾಣಂತಿಯ ಮನೆಗೆ ಹೋಗಿ ಒಳಲೆಯಲ್ಲಿ ಹಾಲು ಕುಡಿಸುವ ಕ್ರಮವನ್ನು ತೋರಿಸುವುದು, ಇದು ನಿನ್ನ ತಪ್ಪಲ್ಲವೆಂದು ಆ ತಾಯಿಗೆ ಅವಳ ಅತ್ತೆಯ ಎದುರಿನಲ್ಲಿಯೇ ಹೇಳುವುದು, ಮೊದಲ ಸಲ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ಹೋದ ವಾರ ಅವಳ ಮನೆಯ ಮಕ್ಕಳಿಗೆ ಊಟ ನೋಡಿಕೊಳ್ಳುವುದು, ಇವು ನಮ್ಮಲ್ಲಿ ಯಾರಿಗೆ ಆಗದು? ಎಲ್ಲಕ್ಕಿಂತ ಮುಖ್ಯವಾಗಿ, ತುಟಿ ಹೊಲಿದ ಕೂಸಿನ ಮನೆಗೆ ವರ್ಷದ ಮೇಲೆ ಮತ್ತೊಮ್ಮೆ ಹೋಗಿ, 'ಅಂಗಳನ್ನು ತೋರಿಸಿದಿರಾ?' ಎಂದು ಕೇಳಬೇಕು. ಆ ಪ್ರಶ್ನೆಯನ್ನು ಕೇಳುವವರಿಲ್ಲದೆಯೇ ಎಷ್ಟೋ ಹುಡುಗಿಯರು ಮಾತಿಲ್ಲದೆ ಉಳಿದಿದ್ದಾರೆ.

ನಮ್ಮ ಶಾಲೆಯಲ್ಲಿ ಕಲಿತವರು ಇಂದು ಮೂರು ಊರುಗಳಲ್ಲಿಯೂ ತಾಯಂದಿರಾಗಿ, ಉಪಾಧ್ಯಾಯಿನಿಯರಾಗಿ, ದಾದಿಯರಾಗಿ ಇದ್ದಾರೆ. ಅವರಲ್ಲಿ ಒಬ್ಬೊಬ್ಬರೂ ಇಂಥ ಒಂದೊಂದು ಮಗುವಿನ ದಾರಿಯನ್ನು ಕೊನೆಯವರೆಗೆ ಕಾದರೆ, ಹಾಜರಿ ಕೂಗುವ ಹೊತ್ತಿಗೆ 'ಬಂದಿದ್ದೇನೆ' ಎಂದು ತನ್ನ ಧ್ವನಿಯಿಂದ ಉತ್ತರ ಕೊಡುವ ಹುಡುಗಿಯರ ಸಂಖ್ಯೆ ನಮ್ಮ ಸೀಮೆಯಲ್ಲಿ ಅಷ್ಟರಮಟ್ಟಿಗೆ ಹೆಚ್ಚುವುದು.